ಆಳವಿಲ್ಲದ ನೀರಿನ ಹಾಯಿದೋಣಿಗೆ ಯಾವ ಹಲಗೆ: ಡ್ಯಾಗರ್‌ಬೋರ್ಡ್, ಸೆಂಟರ್‌ಬೋರ್ಡ್, ಲೀಬೋರ್ಡ್

ಚಪ್ಪಟೆ ತಳದ, ನಾಲ್ಕು ಮೀಟರ್ ಉದ್ದದ ಪ್ಲೈವುಡ್ ದೋಣಿ ಇಬ್ಬರನ್ನು ಹೊತ್ತು 12–15 ಸೆಂ.ಮೀ. ನೀರಿನಲ್ಲೂ ತೇಲುತ್ತದೆ. ಆದರೆ ತೇಲುವುದು ಬೇರೆ, ಗಾಳಿಗೆದುರಾಗಿ ಸಾಗುವುದು ಬೇರೆ. ದೋಣಿ ಪಕ್ಕಕ್ಕೆ ಜಾರದಿರಲು ನೀರೊಳಗೆ ಹಲಗೆ ಇಳಿಯಲೇಬೇಕು. ಹಾಯಿಯ ವಿಸ್ತೀರ್ಣದ ಶೇ. 4ರಷ್ಟು ಸಾಕು, 7 ಚದರ ಮೀಟರ್ ಹಾಯಿಗೆ 40 ಸೆಂ.ಮೀ. ಅಗಲ, 70 ಸೆಂ.ಮೀ. ಆಳ. ಆ ಹಲಗೆ ನೆಲಕ್ಕೆ ತಾಗಿದಾಗ ಏನಾಗುತ್ತದೆ ಎಂಬುದನ್ನು ನೋಡಿಯೇ ನಾವು ಆರಿಸುವುದು.

ಡ್ಯಾಗರ್‌ಬೋರ್ಡ್ ಮಾಡುವುದು ಸುಲಭ, ಗಾಳಿಗೆದುರು ಚೆನ್ನಾಗಿ ಏರುತ್ತದೆ, ಗೂಡು (ಹಲಗೆ ಇಳಿಸಲು ದೋಣಿಯೊಳಗೆ ಕಟ್ಟುವ ಪೆಟ್ಟಿಗೆ) ಜಾಗ ತಿನ್ನುವುದಿಲ್ಲ. ಆದರೆ ನೆಟ್ಟಗೆ ಇಳಿಯುವ ಈ ಹಲಗೆ ದಿಬ್ಬಕ್ಕೆ ಬಡಿದರೆ ದೋಣಿ ಗಕ್ಕನೆ ನಿಲ್ಲುತ್ತದೆ. ಪೆಟ್ಟೆಲ್ಲ ಗೂಡಿನ ಹಿಂದಿನ ಮೂಲೆಗೆ, ಅದು ತಳಕ್ಕೆ ಅಂಟಿದ ಜಾಗಕ್ಕೆ ಬೀಳುತ್ತದೆ. ಬಿರುಕು ಏಳುವುದೂ ಅಲ್ಲೇ. ಅರ್ಧ ಎತ್ತಿಟ್ಟರೆ ಹಲಗೆಯ ತಲೆ ಬೂಮ್‌ಗೆ (ಹಾಯಿಯ ಕೆಳಅಂಚಿನ ಕೋಲಿಗೆ) ಅಡ್ಡ ಬರುತ್ತದೆ. ಆಳ ಗೊತ್ತಿಲ್ಲದ ನೀರಿಗೆ ಇದು ಬೇಡ.

ಸೆಂಟರ್‌ಬೋರ್ಡ್ ಬೋಲ್ಟ್ ಮೇಲೆ ತಿರುಗುವುದರಿಂದ ನೆಲ ತಾಗಿದರೆ ತಾನೇ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಇದರ ಕಾಟ ಗೂಡಿನದು. ದೋಣಿಯ ನಟ್ಟನಡುವೆ ಉದ್ದದ ಪೆಟ್ಟಿಗೆ. ಕೂರಲು, ಮಲಗಲು ಅದೇ ಅಡ್ಡಿ. ಮರಳಿನ ಮೇಲೆ ದೋಣಿ ಎಳೆದರೆ ಸಣ್ಣ ಕಲ್ಲೊಂದು ಸೀಳಿನಲ್ಲಿ ಸಿಕ್ಕಿಕೊಂಡು ಹಲಗೆ ಕೆಳಗಿಳಿಯದು. ಹಲಗೆಗೂ ಗೂಡಿಗೂ ಎರಡೂ ಬದಿ 3 ಮಿ.ಮೀ. ಸಂದು ಬಿಡಿ, ಗೂಡಿನ ಮುಚ್ಚಳ ಬಿಚ್ಚುವಂತಿರಲಿ, ಮೇಲಿನಿಂದ ಕೋಲು ಹಾಕಿ ತಳ್ಳಬಹುದು. ಬೋಲ್ಟ್ ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಸೋರಿಕೆಯ ಚಿಂತೆಯಿಲ್ಲ.

ಸ್ವತಃ ಕಟ್ಟಿಕೊಳ್ಳುವವರಿಗೆ ನಮ್ಮ ಆಯ್ಕೆ ಲೀಬೋರ್ಡ್, ಅಂದರೆ ದೋಣಿಯ ಹೊರಮಗ್ಗುಲಿಗೆ ತೂಗುಹಾಕುವ, ಬೋಲ್ಟ್ ಮೇಲೆ ತಿರುಗುವ ಹಲಗೆ, ಅದೂ ಒಂದೇ ಬದಿಗೆ. ತಳದಲ್ಲಿ ತೂತಿಲ್ಲ, ಗೂಡಿಲ್ಲ, ಒಳಗೆಲ್ಲ ಖಾಲಿ. ಎರಡೂ ಬದಿಗೆ ಜೋಡಿ ಹಲಗೆ ಬೇಕೆಂಬ ನಂಬಿಕೆ ಇದೆ, ಆದರೆ ಬೇಕಿಲ್ಲ. ಮೇಲೆ ಬೋಲ್ಟ್, ಕೆಳಗೆ ಒಂದು ಅಡ್ಡಪಟ್ಟಿ ಹಲಗೆಯನ್ನು ದೋಣಿಗೆ ಬಿಗಿಯಾಗಿ ಹಿಡಿದರೆ ಗಾಳಿ ಯಾವ ಮಗ್ಗುಲಿನಿಂದ ಬಂದರೂ ಒಂದೇ ಸಾಕು. ಆ ಅಡ್ಡಪಟ್ಟಿ ತಳವೂ ಪಕ್ಕವೂ ಕೂಡುವ ಅಂಚಿನ ಹತ್ತಿರ ಬರಬೇಕು. ಗಾಳಿ ಹಲಗೆಯ ಕಡೆಯಿಂದ ಬೀಸುವಾಗ ಹಲಗೆ ದೋಣಿಯಿಂದ ಹೊರಕ್ಕೆ ಸೆಳೆಯುತ್ತದೆ. ಆಗ ಪೂರ್ತಿ ಭಾರ ಈ ಪಟ್ಟಿಯ ಮೇಲೆ. ಇದನ್ನು ಬರೀ ಸ್ಕ್ರೂ ಹೊಡೆದು ನಿಲ್ಲಿಸಬೇಡಿ, ಎಪಾಕ್ಸಿ ಅಂಟು ಹಚ್ಚಿ ಬೋಲ್ಟ್ ಹಾಕಿ.

ಹಲಗೆಗೆ 12 ಮಿ.ಮೀ. ಪ್ಲೈವುಡ್ ಎರಡು ಪದರ ಅಂಟಿಸಿ. ಮರ ತೇಲುವುದರಿಂದ ತುದಿಗೆ 3–4 ಕೆ.ಜಿ. ಸೀಸ ಬೇಕು: ಸುಮಾರು 12 ಸೆಂ.ಮೀ. ಚೌಕದ ಕಿಂಡಿ ಕೊರೆದು, ಅದರ ಅಂಚಿಗೆ ಸ್ಕ್ರೂಗಳನ್ನು ಅರ್ಧ ಹೊರಗುಳಿಯುವಂತೆ ತಿರುಗಿಸಿ, ಕರಗಿಸಿದ ಸೀಸ ಸುರಿಯಿರಿ. ಸ್ಕ್ರೂ ಇಲ್ಲದಿದ್ದರೆ ಆರಿ ಕುಗ್ಗಿದ ಸೀಸ ಕಳಚಿ ಬೀಳುತ್ತದೆ. ಮರ ಒಣಗಿರಲೇಬೇಕು, ಪಸೆಯಿದ್ದರೆ ಹಬೆಯೆದ್ದು ಸೀಸ ಮೈಮೇಲೆ ಸಿಡಿಯುತ್ತದೆ. ಹೊಗೆ ವಿಷ, ಬಯಲಿನಲ್ಲೇ ಕರಗಿಸಿ. ಬೋಲ್ಟ್‌ನ ತೂತನ್ನು ದೊಡ್ಡದಾಗಿ ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಆರಿದ ಮೇಲೆ 12 ಮಿ.ಮೀ.ಗೆ ಮತ್ತೆ ಕೊರೆದರೆ ಪ್ಲೈವುಡ್ ಪದರಗಳಿಗೆ ನೀರು ಇಳಿಯದು.

ಕೊರತೆಗಳೂ ಇವೆ. ಅಲೆಯಲ್ಲಿ ಹಲಗೆ ಪಟಪಟ ಬಡಿಯುತ್ತದೆ, ದೋಣಿಯನ್ನು ಆ ಬದಿಯಿಂದ ಕಟ್ಟೆಗೆ ಆನಿಸಲಾಗದು. ಅರ್ಧ ಎತ್ತಿದಾಗ ಹಲಗೆಯ ಹಿಡಿತ ಹಿಂದಕ್ಕೆ ಸರಿದು ದೋಣಿಯ ಮೂತಿ ಗಾಳಿಯಿಂದ ದೂರ ತಿರುಗುತ್ತದೆ. ಇದು ಸೆಂಟರ್‌ಬೋರ್ಡ್‌ಗೂ ಇದ್ದದ್ದೇ. ಮುಂದೆ ಸರಿದು ಕೂತರೆ, ಹಾಯಿಯನ್ನು 10–15 ಸೆಂ.ಮೀ. ಹಿಂದಕ್ಕೆ ಕಟ್ಟಿದರೆ ತಕ್ಕಮಟ್ಟಿಗೆ ಸರಿಹೋಗುತ್ತದೆ.

ಹಾಗೆ ಸರಿಸಿ ಕಟ್ಟಲು ಬರುವುದು ಬ್ಯಾಲೆನ್ಸ್ಡ್ ಲಗ್ ಹಾಯಿಯಲ್ಲಿ, ಅಂದರೆ ಓರೆ ಮೇಲ್ಕೋಲಿಗೆ ಕಟ್ಟಿದ, ಸ್ವಲ್ಪ ಭಾಗ ಹಾಯಿಕಂಬದ ಮುಂದಕ್ಕೂ ಚಾಚುವ ನಾಲ್ಕು ಮೂಲೆಯ ಹಾಯಿಯಲ್ಲಿ. ಎತ್ತರದ ಮುಕ್ಕೋನದ ಬರ್ಮುಡಾ ಹಾಯಿ ಗಾಳಿಗೆದುರು ಇನ್ನಷ್ಟು ಏರುತ್ತದೆ ನಿಜ, ಆದರೆ ಉದ್ದ ಮಾಸ್ಟ್ (ಹಾಯಿಕಂಬ), ಅದನ್ನು ಬಿಗಿಯುವ ತಂತಿಗಳು, ಸೇತುವೆ ಬಂದರೆ ಪಜೀತಿ. ಲಗ್‌ಗೆ ಗಿಡ್ಡ ಮಾಸ್ಟ್, ತಂತಿಯೇ ಇಲ್ಲ. ಬೂಮನ್ನು ಕೆಳಗೆಳೆಯುವ ಡೌನ್‌ಹಾಲ್ ಹಗ್ಗಕ್ಕೆ ಮೂರು ಪಟ್ಟು ಎಳೆತ ಸಿಗುವಂತೆ ರಾಟೆ ಹಾಕಿ. ಹಾಯಿಯ ಮುಂದಿನ ಮೇಲ್ಮೂಲೆಯಿಂದ ಹಿಂದಿನ ಕೆಳಮೂಲೆಗೆ ಸುಕ್ಕು ಬಿದ್ದರೆ ಎಳೆತ ಸಾಲದು, ಇನ್ನೂ ಬಿಗಿಯಿರಿ. ಗಾಳಿ ತುಂಬಿದ ಮೇಲೂ ಸುಕ್ಕು ಹಿಂದಿನ ಮೇಲ್ತುದಿಯಿಂದ ಮುಂದಿನ ಕೆಳಮೂಲೆಗೆ ಉಳಿದರೆ ಸ್ವಲ್ಪ ಸಡಿಲಿಸಿ.