ಹಿಮ ನೋಡಿ ನೀರು ಅಂದಾಜಿಸುವುದು: ಲೆಕ್ಕದ ಸೂತ್ರವೋ, ಕಂಪ್ಯೂಟರ್ ಮಾದರಿಯೋ?

ಬೆಟ್ಟದ ಹಿಮ ಕರಗಿ ಜಲಾಶಯಕ್ಕೆ ಎಷ್ಟು ನೀರು ಬರುತ್ತದೆ? ಇದನ್ನು ಮೊದಲೇ ಹೇಳಲು ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ಅಂಕಿಅಂಶದ ಸೂತ್ರ. ಹಿಮದಲ್ಲಿ ಅಡಗಿರುವ ನೀರಿನ ಪ್ರಮಾಣವನ್ನು ಅಳೆದು, ಹಿಂದಿನ ವರ್ಷಗಳ ಹರಿವಿನ ಜೊತೆ ತಾಳೆ ನೋಡುತ್ತಾರೆ. ಬರೀ ಹಿಮದ ಎತ್ತರ ಸಾಲದು. ಹೊಸ ಹಿಮ ಹತ್ತಿಯಂತೆ ಹಗುರ, ಹಳೆಯದು ಭಾರ. ಈ ದಾರಿಗೆ ಖರ್ಚು ಕಡಿಮೆ, ಆದರೆ ದಶಕಗಳ ದಾಖಲೆ ಬೇಕು. ಹಿಂದೆ ಕಾಣದಂಥ ವರ್ಷ ಬಂದರೆ ಎಡವುತ್ತದೆ.

2021ರಲ್ಲಿ ಅಮೆರಿಕದ ಕೊಲೊರಾಡೊ ನದಿಯ ಮೇಲ್ಭಾಗದಲ್ಲಿ ಹಿಮ ಸರಾಸರಿಗಿಂತ ಸ್ವಲ್ಪವೇ ಕಡಿಮೆ ಇತ್ತು. ಆದರೆ ಏಪ್ರಿಲ್‌ನಿಂದ ಜುಲೈವರೆಗೆ ಅದೇ ನದಿಯ ದೊಡ್ಡ ಜಲಾಶಯವಾದ ಪೊವೆಲ್ ಸರೋವರಕ್ಕೆ ಬಂದ ನೀರು ಸರಾಸರಿಯ ಮೂರನೇ ಒಂದು ಭಾಗಕ್ಕೂ ಕಡಿಮೆ. ಒಣಗಿದ್ದ ಮಣ್ಣು ಕರಗಿದ ನೀರನ್ನು ಸುಮ್ನೆ ಕುಡಿದುಬಿಟ್ಟಿತ್ತು. ಹಿಮವನ್ನಷ್ಟೇ ನೋಡುವ ಸೂತ್ರಕ್ಕೆ ಮಣ್ಣಿನ ಬಾಯಾರಿಕೆ ಹೇಗೆ ಗೊತ್ತಾಗಬೇಕು, ಅಲ್ವಾ?

ಎರಡನೆಯದು ಕಂಪ್ಯೂಟರ್ ಮಾದರಿ. ಇದು ಮಣ್ಣಿನ ತೇವ, ಹಿಮ ಕರಗುವಿಕೆ, ಹರಿವು ಎಲ್ಲವನ್ನೂ ದಿನದಿನವೂ ಲೆಕ್ಕ ಹಾಕುತ್ತದೆ. ಇಂದಿನ ಸ್ಥಿತಿಯಿಂದ ಶುರುಮಾಡಿ, ಹಿಂದಿನ ಹಲವು ವರ್ಷಗಳ ಹವಾಮಾನವನ್ನು ಒಂದೊಂದಾಗಿ ಮಾದರಿಗೆ ಕೊಟ್ಟು ಓಡಿಸಿದರೆ ಒಂದೇ ಉತ್ತರದ ಬದಲು ಉತ್ತರಗಳ ಒಂದು ಗುಂಪೇ ಸಿಗುತ್ತದೆ. ಕೆಲಸ ಜಾಸ್ತಿ, ನುರಿತ ಜನ ಬೇಕು.

ಸಣ್ಣ ಕಣಿವೆ, ಉದ್ದದ ದಾಖಲೆ, ಇಡೀ ಋತುವಿನ ಒಟ್ಟು ನೀರು ಗೊತ್ತಾದರೆ ಸಾಕು ಎನ್ನುವವರಿಗೆ ಸೂತ್ರವೇ ಸರಿ. ಯಾವ ವಾರ ಪ್ರವಾಹ ಬರಬಹುದು ಎಂದೂ ತಿಳಿಯಬೇಕಿದ್ದರೆ ನಾನು ಮಾದರಿಯನ್ನೇ ಆರಿಸುತ್ತೇನೆ.