ಹಲ್ಲಿಲ್ಲದ ಪಂಪ್ ತೋರಿಸಿ 9,500 ಕಿತ್ತರು: ಟೈಮಿಂಗ್ ಬೆಲ್ಟ್ ಹಾಕಿಸುವವರು ಇದನ್ನೊಮ್ಮೆ ಓದಿ

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ನಾನು ಆಫೀಸಿನಲ್ಲಿ ಲೆಕ್ಕಪತ್ರ ನೋಡುವವನು. ದಿನಾ ಬೇರೆಯವರ ಬಿಲ್ಲಿನಲ್ಲಿ ತಪ್ಪು ಹುಡುಕಿ ವಾಪಸ್ ಕಳಿಸುವುದೇ ನನ್ನ ಕೆಲಸ. ಅಂಥವನು ಬಳ್ಳಾರಿಯಲ್ಲೇ ಹುಟ್ಟಿ ಬೆಳೆದು ಬಳ್ಳಾರಿಯಲ್ಲೇ ಟೋಪಿ ಹಾಕಿಸಿಕೊಂಡೆ. ಮನೆಯಲ್ಲಿ ಎಲ್ಲರೂ ನಕ್ಕಾಗಿದೆ. ನೀವೂ ನಗಿ, ಆದರೆ ಪೂರ್ತಿ ಓದಿ.

ಗಾಡಿ 2012ರ ಫೋರ್ಡ್ ಫಿಗೋ, ಡೀಸೆಲ್. ಸೆಕೆಂಡ್ ಹ್ಯಾಂಡ್. 1,08,000 ಕಿಲೋಮೀಟರ್ ಆಗಿತ್ತು. ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚೋ ಹಾಗೆ ಮಾಡುವುದೇ ಟೈಮಿಂಗ್ ಬೆಲ್ಟ್; ಈ 1.4 ಎಂಜಿನ್ನಿಗೆ ಆ ಕೆಲಸಕ್ಕೆ ಚೈನ್ ಇಲ್ಲ, ರಬ್ಬರ್ ಬೆಲ್ಟ್. ಅದು ಓಡುವಾಗ ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಗ್ಗುತ್ತವೆ, ಆಮೇಲೆ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಬಿಚ್ಚಬೇಕು. ಹಿಂದಿನ ಮಾಲೀಕರು ಬೆಲ್ಟ್ ಬದಲಿಸಿದ್ದಕ್ಕೆ ಚೀಟಿ ಏನೂ ಇರಲಿಲ್ಲ. ಎಂಜಿನ್ ತಂಪಾಗಿಡೋಕೆ ಕೂಲೆಂಟ್ ಅನ್ನೋ ದ್ರವವನ್ನು ಸುತ್ತಿಸುವ ನೀರಿನ ಪಂಪನ್ನೂ ಅದೇ ಬೆಲ್ಟ್ ತಿರುಗಿಸುತ್ತದೆ. ಹಾಗಾಗಿ ಬೆಲ್ಟ್, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್, ಪಂಪ್ ಎಲ್ಲಾ ಒಂದೇ ಸಲ ಹಾಕಿಸಬೇಕು. ಇಲ್ಲಾಂದ್ರೆ ನಾಳೆ ಪಂಪ್ ಸೋರಿದರೆ ಮತ್ತೆ ಅಷ್ಟೂ ಬಿಚ್ಚಬೇಕು, ಮತ್ತೆ ಅಷ್ಟೇ ಕೂಲಿ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಮೋಸ ಹೋದೆ, ಹೊಟ್ಟೆ ಉರಿಯೋದು ಅದಕ್ಕೇ.

ಫೋರ್ಡ್‌ನವರು 2021ರಲ್ಲಿ ಇಲ್ಲಿ ಕಾರು ಮಾಡೋದು ನಿಲ್ಲಿಸುತ್ತೇವೆ ಅಂದರಲ್ಲ, ಆವಾಗಿನಿಂದ ಈ ಗಾಡಿ ಇಟ್ಟುಕೊಂಡವರಿಗೆ ಒಂದು ಅಳುಕು ಇದ್ದೇ ಇದೆ. ಕಂಪನಿ ಸರ್ವಿಸ್‌ನಲ್ಲಿ ಕೇಳಿದೆ. 19,000 ಎಂದರು, ಅದೂ ಬೇರೆ ಊರಿಗೆ ಗಾಡಿ ಒಯ್ಯಬೇಕು. ಫೆಬ್ರವರಿ ತಿಂಗಳು, ಮಗಳ ಫೀಸು ಕಟ್ಟಿದ್ದೆ, ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ಆಗ ಸಿಕ್ಕಿದ್ದು ಈ ಗ್ಯಾರೇಜ್. ಹೆಸರು ಬರೆಯಲ್ಲ, ಕೇಳಬೇಡಿ.

"ಅಣ್ಣಾ, ಹತ್ತೊಂಬತ್ತು ಯಾಕ್ ಕೊಡ್ತೀರಿ? ಬೆಲ್ಟ್, ಟೆನ್ಷನರ್, ಪಂಪು, ಕೂಲೆಂಟು, ಕೂಲಿ, ಎಲ್ಲಾ ಸೇರಿ ಒಂಬತ್ತೂವರೆ. ಬೆಳಿಗ್ಗೆ ಬಿಡ್ರಿ, ಸಂಜಿಗೆ ತಗೊಂಡ್ ಹೋಗ್ರಿ."

ನಾನೂ ಪೂರ್ತಿ ದಡ್ಡನಲ್ಲ. "ಹಳೇ ಸಾಮಾನು ನನಗೆ ವಾಪಸ್ ಕೊಡಬೇಕು" ಎಂದೆ. "ಅಯ್ಯೋ, ಕೊಡ್ತೀವಿ ಅಣ್ಣಾ, ನಾವೇನು ಇಟ್ಕೊಂಡು ಪೂಜಿ ಮಾಡ್ತೀವಾ?" ಎಂದು ನಕ್ಕ. ನಾನೂ ನಕ್ಕೆ.

ಸಂಜೆ ಹೋದರೆ ಬಾನೆಟ್ ಮುಚ್ಚಿತ್ತು, ಎಂಜಿನ್ ಚಾಲೂ ಇತ್ತು. ಕಾಲ ಹತ್ತಿರ ಒಂದು ಗೋಣಿಚೀಲ. ಅದರಲ್ಲಿ ನನ್ನ ಹಳೇ ಬೆಲ್ಟ್, ಮೈತುಂಬಾ ಬಿರುಕು. ಜೊತೆಗೆ ತುಕ್ಕು ಹಿಡಿದ ಒಂದು ಪಂಪ್. "ನೋಡ್ರಿ ಅಣ್ಣಾ, ಇನ್ನೊಂದ್ ತಿಂಗಳು ಬಿಟ್ಟಿದ್ರೆ ಗಾಡಿ ಗುಜರಿಗೇ" ಎಂದ. ಪಂಪನ್ನು ಕೈಯಲ್ಲಿ ಹಿಡಿದು ತಿರುಗಿಸಿ ತೋರಿಸಿದ, ಕರಕರ ಅಂತು. ನಾನು ಫೋಟೋ ಹೊಡೆದು ಮನೆ ಗ್ರೂಪಿಗೆ ಹಾಕಿದೆ. ಹೆಂಡತಿಯ ಅಣ್ಣ, ನಮ್ಮ ಭಾವ, ಹೆಬ್ಬೆರಳು ಒತ್ತಿದರು. ಆ ಫೋಟೋ ಇನ್ನೂ ಗ್ರೂಪಿನಲ್ಲಿದೆ, ಅಳಿಸೋಕೂ ಆಗಲ್ಲ.

ಬಿಲ್ ಕೇಳಿದೆ. ಹರಿದ ಹಾಳೆಯಲ್ಲಿ "ಟೈಮಿಂಗ್ ಕೆಲಸ 9,500" ಅಂತ ಬರೆದುಕೊಟ್ಟ. ಅಷ್ಟೇ. ಯಾವ ಸಾಮಾನು, ಯಾವ ಕಂಪನಿಯದು, ಒಂದಕ್ಷರ ಇಲ್ಲ. ನಾನು, ದಿನಾ ಬಿಲ್ ವಾಪಸ್ ಕಳಿಸುವವನು, ಅದನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಏಪ್ರಿಲ್‌ನಲ್ಲಿ ಗಾಡಿ ನಿಲ್ಲಿಸುವ ಜಾಗದಲ್ಲಿ ತೊಟ್ಟಿಕ್ಕೋಕೆ ಶುರುವಾಯಿತು. ಫೋನ್ ಮಾಡಿದೆ. "ಸಾರ್, ಅದು ಎಸಿ ನೀರು. ಬ್ಯಾಸಿಗಿ ಅಲ್ವಾ." ಬಳ್ಳಾರಿಯ ಏಪ್ರಿಲ್, 40 ಡಿಗ್ರಿ ದಾಟಿದ ಬಿಸಿಲು, ಎಸಿ ಹಾಕಿದ ಎಲ್ಲಾ ಗಾಡಿಯ ಕೆಳಗೂ ನೀರು ಬೀಳುತ್ತದೆ. ನಂಬಿದೆ. ಆದರೆ ಎಸಿ ನೀರು ಒಣಗಿದರೆ ಗುರುತೇ ಉಳಿಯಲ್ಲ. ನಮ್ಮ ಕಲ್ಲಿನ ಮೇಲೆ ಕಂದು ಬಣ್ಣದ ಕಲೆ ಉಳಿದಿತ್ತು. ಹೆಂಡತಿ ಎರಡು ಸಲ ಹೇಳಿದಳು. ನಾನು "ಸುಮ್ನಿರು, ಮೇಸ್ತ್ರಿ ಹೇಳಿದಾನೆ" ಎಂದೆ.

ಅದೇ ತಿಂಗಳ ಕೊನೆಗೆ ಗಂಗಾವತಿಯಲ್ಲಿ ಮದುವೆ. ಕಂಪ್ಲಿ ಮೇಲೆ ಹೋಗೋಣ ಅಂತ ಹೊರಟೆವು. ಕುರುಗೋಡು ಇನ್ನೂ ಸ್ವಲ್ಪ ದೂರ ಇತ್ತು, ಟೆಂಪರೇಚರ್ ಮುಳ್ಳು ಮೇಲೆ ಏರಿತು. ತಕ್ಷಣ ನಿಲ್ಲಿಸಿದೆ. ಇಡೀ ಕಥೆಯಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತಿಕೆ ಅದು. ರೇಷ್ಮೆ ಸೀರೆ ಉಟ್ಟ ಅತ್ತೆ ಒಂದೂವರೆ ಗಂಟೆ ಜಾಲಿ ಗಿಡದ ಕೆಳಗೆ ನಿಂತರು. ಬಳ್ಳಾರಿ ಜಾಲಿಯ ನೆರಳು ಎಷ್ಟಿರುತ್ತದೆ ನಿಮಗೇ ಗೊತ್ತು. ಅವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಟೋ ಗಾಡಿಗೆ 2,500. ಈ ಸಲ ಭಾವನವರೇ ಹೇಳಿದ ಹಿರಿಯ ಮೇಸ್ತ್ರಿಯೊಬ್ಬರ ಹತ್ತಿರ ತಂದೆ. "ನೀರಿನ ಪಂಪ್ ಹೋಗಿರಬೇಕು" ಎಂದರು. ನಾನು ಜೋರಾಗಿಯೇ, "ಸಾಧ್ಯಾನೇ ಇಲ್ಲ, ಫೆಬ್ರವರಿಯಲ್ಲಿ ಹಾಕಿಸಿದ್ದೀನಿ, ಹಳೇದು ಡಿಕ್ಕಿಯಲ್ಲೇ ಇದೆ, ಬೇಕಾದರೆ ನೋಡಿ" ಎಂದು ಗೋಣಿಚೀಲ ತಂದು ಅವರ ಮುಂದಿಟ್ಟೆ. ಹೆಮ್ಮೆಯಿಂದ ಇಟ್ಟೆ, ಅದನ್ನು ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ.

ಅವರು ಪಂಪ್ ಎತ್ತಿ ನೋಡಿದರು. ತಿರುಗಿಸಿ ನೋಡಿದರು. ನನ್ನ ಮುಖ ನೋಡಿದರು.

"ಇದು ನಿಮ್ ಗಾಡೀದಲ್ರೀ."

"ಅಂದ್ರೆ?"

"ನಿಮ್ ಪಂಪನ್ನ ಟೈಮಿಂಗ್ ಬೆಲ್ಟ್ ತಿರುಗಿಸ್ತದೆ, ಅದರ ಪುಲ್ಲಿಗೆ ಹಲ್ಲು ಇರಬೇಕು. ಇದರಾಗ ಹಲ್ಲೆಲ್ಲಿ ಐತೆ? ಯಾವ್ದೋ ಲಗೇಜ್ ಗಾಡೀದು."

ಎರಡು ತಿಂಗಳು ಡಿಕ್ಕಿಯಲ್ಲಿ ಹೊತ್ತು ತಿರುಗಿದೆ ಸ್ವಾಮಿ. ಯಾರದೋ ಗಾಡಿಯ ಪಂಪು. ಹಲ್ಲಿಲ್ಲ. ಬೆಲ್ಟಿನ ತುಂಬಾ ಹಲ್ಲಿದೆ, ಪಂಪಿಗೆ ಹಲ್ಲಿಲ್ಲ, ಎರಡನ್ನೂ ಅಕ್ಕಪಕ್ಕ ಇಟ್ಟು ಫೋಟೋ ಹೊಡೆದವನು ನಾನೇ.

ಬಿಚ್ಚಿದಾಗ ಉಳಿದದ್ದೂ ಗೊತ್ತಾಯಿತು. ಬೆಲ್ಟ್ ಒಂದೇ ಹೊಸದು. ಟೆನ್ಷನರ್ ಹಳೇದೇ. ಪಂಪ್ ಹಳೇದೇ, ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಆಡುತ್ತಿತ್ತು. ಅದು ಸೋರಿದ ನೀರೆಲ್ಲ ಹೊಸ ಬೆಲ್ಟಿನ ಮೇಲೇ ಬಿದ್ದು, ಬೆಲ್ಟಿನ ಅಂಚು ನಾರುನಾರಾಗಿ ಎದ್ದಿತ್ತು. ಕೂಲೆಂಟ್ ಅಂತ ದುಡ್ಡು ತಗೊಂಡಿದ್ದ, ಒಳಗಿದ್ದದ್ದು ತುಕ್ಕು ನೀರು, ಬೋರ್‌ವೆಲ್ ನೀರೇ ತುಂಬಿರಬೇಕು. ನಮ್ಮೂರ ಬೋರ್ ನೀರು ಪಾತ್ರೆಗೇ ಬಿಳಿ ಕಲೆ ಕಟ್ಟಿಸುತ್ತದೆ, ರೇಡಿಯೇಟರ್ ಬಿಡುತ್ತದಾ?

ಮೊದಲನೆಯವನಿಗೆ ಫೋನ್ ಮಾಡಿದೆ.

"ಸಾರ್, ನಾವು ಹಾಕಿದ್ದೀವಿ. ಬೇರೆಯವರು ಬಿಚ್ಚಿ ಬದಲಾಯಿಸಿದ್ರೆ ನಾವೇನ್ ಮಾಡಾಕಾಗ್ತದೆ?"

ಮತ್ತೆ ಈ ಹಲ್ಲಿಲ್ಲದ ಪಂಪು?

"ಹುಡುಗ್ರು ಅಪ್ಪಿತಪ್ಪಿ ಬೇರೆ ಚೀಲ ಕೊಟ್ಟಿರ್ತಾರೆ."

ಚೀಲದಲ್ಲಿ ನನ್ನ ಬೆಲ್ಟ್ ಇತ್ತಲ್ಲ?

"ಒಂಬತ್ತೂವರೆಗೆ ಎಲ್ಲಾ ಹೊಸದು ಬರ್ತದೇನ್ರೀ? ನೀವೇ ವಿಚಾರ ಮಾಡ್ರಿ."

ಇದನ್ನು ಇನ್ನೊಮ್ಮೆ ಓದಿ. ಹಾಕಿದ್ದೀವಿ ಅಂದ ಬಾಯಿಂದಲೇ ಎರಡು ನಿಮಿಷಕ್ಕೆ ಬಂದ ಮಾತು. ಕೆಲಸ ಹಿಡಿಯುವಾಗ "ಅಣ್ಣಾ", ದುಡ್ಡು ಬಂದ ಮೇಲೆ "ಸಾರ್", ಆಮೇಲೆ ಬರೀ "ಏನ್ರೀ". ಕೊನೆಗೆ "ಬಿಲ್ ಇದ್ರೆ ತಗೊಂಡ್ ಬರ್ರಿ" ಎಂದು ಇಟ್ಟುಬಿಟ್ಟ. ಬಿಲ್ ಯಾವ ತರದ್ದು ಅಂತ ಅವನಿಗೆ ಗೊತ್ತಲ್ಲ.

ಗ್ರಾಹಕರ ಸಹಾಯವಾಣಿ 1915ಕ್ಕೂ ಮಾಡಿದೆ. ಅವರೂ ಮರ್ಯಾದೆಯಾಗಿ ಕೇಳಿದ್ದು ಅದನ್ನೇ, ಬಿಲ್ಲಿನಲ್ಲಿ ಏನೇನು ಬರೆದಿದೆ ಅಂತ. "ಟೈಮಿಂಗ್ ಕೆಲಸ" ಎಂದೆ. ನನಗೇ ನಗು ಬಂತು. ಫೋನ್‌ಪೇ ತೆಗೆದು ನೋಡಿದರೆ ದುಡ್ಡು ಹೋಗಿದ್ದು ಗ್ಯಾರೇಜಿನ ಹೆಸರಿಗೂ ಅಲ್ಲ, ಇನ್ಯಾರದೋ ನಂಬರಿಗೆ.

ಹಿರಿಯ ಮೇಸ್ತ್ರಿಗೆ ಕೊಟ್ಟದ್ದು 14,200, ಬೆಲ್ಟ್-ಟೆನ್ಷನರ್ ಕಿಟ್, ಪಂಪ್, ಕೂಲೆಂಟ್ ಎಲ್ಲಾ ಸೇರಿ. ಟೋ ಸೇರಿಸಿದರೆ ಒಟ್ಟು 26,200. ಕಂಪನಿಯವರು 19,000 ಎಂದಾಗ ಜಾಸ್ತಿ ಅಂತ ಬೈದುಕೊಂಡು ಬಂದವನು ನಾನು.

ಸಲಹೆ ಕೇಳಿದರೆ ಇಷ್ಟೇ ಹೇಳಬಲ್ಲೆ. ಹಳೇ ಸಾಮಾನು ಕೊಟ್ಟ ಅಂತ ಖುಷಿಪಡಬೇಡಿ, ಅದು ನಿಮ್ಮ ಗಾಡಿಯದೇನಾ ನೋಡಿ. ಹೊಸ ಪಂಪಿನ ಡಬ್ಬಿ ನಿಮ್ಮೆದುರೇ ಒಡೆಸಿ. ಮೇಲಿನ ಕವರ್ ಮುಚ್ಚುವ ಮುಂಚೆ ಹೋಗಿ ಫೋಟೋ ಹೊಡೆಯಿರಿ, ಅರ್ಧ ದಿನ ರಜೆ ಹಾಕಿದರೂ ಪರವಾಗಿಲ್ಲ. ಬಿಲ್ಲಿನಲ್ಲಿ ಒಂದೊಂದು ಸಾಮಾನೂ ಬೇರೆ ಬೇರೆ ಬರೆಸಿ, ಬರೆಯಲ್ಲ ಅಂದರೆ ಗಾಡಿ ಎತ್ತಿಕೊಂಡು ಬನ್ನಿ. ಕಂದು ಕಲೆ ಉಳಿದರೆ ಅದು ಎಸಿ ನೀರಲ್ಲ, ಯಾವ ಮೇಸ್ತ್ರಿ ಹೇಳಿದರೂ ಅಲ್ಲ. ಹೆಂಡತಿ ಎರಡು ಸಲ ಹೇಳಿದರಂತೂ ಖಂಡಿತ ಅಲ್ಲ.

ಆ ಪಂಪ್ ಇನ್ನೂ ಡಿಕ್ಕಿಯಲ್ಲೇ ಇದೆ. ಬಳ್ಳಾರಿ ಕಡೆ ಲಗೇಜ್ ಗಾಡಿ ಇಟ್ಟುಕೊಂಡವರು ಯಾರಾದರೂ ಫೆಬ್ರವರಿಯಲ್ಲಿ ಪಂಪ್ ಹಾಕಿಸಿ "ಹಳೇದೆಲ್ಲಿ" ಅಂತ ಕೇಳಿದ್ದರೆ, ಅದು ನನ್ನ ಹತ್ತಿರ ಇದೆ.