ಮೆಸೇಜ್ ಮುಂದಕ್ಕೆ ಕಳಿಸಲು: ಎಸ್‌ಎಂಎಸ್, ವಾಟ್ಸಾಪ್, ಸ್ಕ್ರೀನ್‌ಶಾಟ್

ನಾಪೋಕ್ಲಿನ ತೋಟದ ಮನೆಯಲ್ಲಿರುವ ಅಪ್ಪ ತಮ್ಮ ಫೋನಿಗೆ ಬರುವ ಬ್ಯಾಂಕ್, ಕರೆಂಟ್ ಬಿಲ್ ಮೆಸೇಜುಗಳನ್ನು ಮೈಸೂರಿನಲ್ಲಿರುವ ನಿಮಗೆ ಹೇಗೆ ಕಳಿಸಿದರೆ ಒಳ್ಳೆಯದು ಎಂದು ಕೇಳಿದ್ದೀರಿ.

ಕೊಡಗಿನಲ್ಲಿ ಮೊದಲು ನೋಡಬೇಕಾದದ್ದು ಸಿಗ್ನಲ್. ಜುಲೈ ಮಳೆಗೆ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋದರೆ ಮನೆಯ ವೈಫೈ ನಿಂತೇಹೋಗುತ್ತದೆ, ಮೊಬೈಲ್ ಡೇಟಾವನ್ನೂ ನಂಬುವಂತಿಲ್ಲ. ಎಸ್‌ಎಂಎಸ್‌ಗೆ ಇಂಟರ್ನೆಟ್ ಬೇಡ. ಒಂದು ಕಡ್ಡಿ ಸಿಗ್ನಲ್ ಸಿಕ್ಕರೂ ಹೆಚ್ಚಾಗಿ ಹೋಗಿಬಿಡುತ್ತದೆ. ವಾಟ್ಸಾಪಿಗೆ ಡೇಟಾ ಬೇಕೇ ಬೇಕು. ಸ್ಕ್ರೀನ್‌ಶಾಟ್ ಫೋಟೋ ಆದ್ದರಿಂದ ಇನ್ನೂ ನಿಧಾನ.

ಖರ್ಚು ಪ್ಲಾನಿನ ಮೇಲೆ ಹೋಗುತ್ತದೆ. ಇಂಗ್ಲಿಷಿನ 160 ಅಕ್ಷರ ಒಂದು ಎಸ್‌ಎಂಎಸ್ ಆದರೆ, ಕನ್ನಡದಲ್ಲಿ 70ಕ್ಕೇ ಮುಗಿಯುತ್ತದೆ, ಅದರಲ್ಲೂ ಒತ್ತು, ಗುಣಿತದ ಚಿಹ್ನೆಗಳು ಬೇರೆಯಾಗಿ ಎಣಿಕೆಯಾಗುತ್ತವೆ. ಉದ್ದದ ಕನ್ನಡ ಮೆಸೇಜಿಗೆ ವಾಟ್ಸಾಪೇ ಅಗ್ಗ.

ಎಸ್‌ಎಂಎಸ್ ಕಳಿಸಲು ಮೆಸೇಜನ್ನು ಒತ್ತಿ ಹಿಡಿದು, ಮೇಲಿನ ಮೂರು ಚುಕ್ಕೆಯಲ್ಲಿ 'ಫಾರ್ವರ್ಡ್' ಒತ್ತಿದರೆ ಸಾಕು. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಹೀಗೇ. ವಾಟ್ಸಾಪಿಗೆ ಕಾಪಿ ಮಾಡಿ ಪೇಸ್ಟ್ ಮಾಡಬೇಕು, ವಯಸ್ಸಾದವರ ಬೆರಳಿಗೆ ಇದು ಕಷ್ಟ. ಆದರೆ ಈ ಎರಡರಲ್ಲೂ ಮೂಲ ಮೆಸೇಜ್ ಯಾರು, ಎಷ್ಟು ಹೊತ್ತಿಗೆ ಕಳಿಸಿದ್ದು ಎಂಬುದು ಸಾಮಾನ್ಯವಾಗಿ ಬರುವುದಿಲ್ಲ. ಸ್ಕ್ರೀನ್‌ಶಾಟಿನಲ್ಲಿ ಕಾಣುತ್ತದೆ. ಮೋಸದ ಮೆಸೇಜೋ ಅಲ್ಲವೋ ಎಂಬ ಅನುಮಾನವಿದ್ದರೆ ನಾನು ಸ್ಕ್ರೀನ್‌ಶಾಟನ್ನೇ ಕೇಳುತ್ತೇನೆ.

ಮಳೆಗಾಲಕ್ಕೆ, ಬಿಲ್ಲಿನ ಚಿಕ್ಕ ಮೆಸೇಜಿಗೆ ಎಸ್‌ಎಂಎಸ್ ಇರಲಿ. ಮನೆಮಂದಿಗೆಲ್ಲ ಒಟ್ಟಿಗೆ ತಿಳಿಸಲು ವಾಟ್ಸಾಪ್. ತಾನಾಗಿಯೇ ಎಲ್ಲವನ್ನೂ ಫಾರ್ವರ್ಡ್ ಮಾಡುವ ಆ್ಯಪ್ ಮಾತ್ರ ಅಪ್ಪನ ಫೋನಿಗೆ ಹಾಕಬೇಡಿ: ಒಟಿಪಿಗಳೂ ಅದರ ಕೈಗೆ ಹೋಗುತ್ತವೆ.